ದೇವಿರಮ್ಮನ ಕುಟ್ಟಾಣಿ, ಹದಿನಾಲ್ಕು ಸುಣ್ಣದ ಬೊಟ್ಟು

ದೇವಿರಮ್ಮನ ಕುಟ್ಟಾಣಿ ಕಳುವಾಗಿ ಹೋಯಿತು!

ಸುದ್ದಿ ಹಾಲಿನ ಡೈರಿ ಮುಟ್ಟುವಷ್ಟರಲ್ಲಿ ಕಬ್ಬಿಣದ ಕುಟ್ಟಾಣಿ ಬೆಳ್ಳಿಯದಾಗಿತ್ತು. ಡೈರಿ ದಾಟಿ ಬಸ್ಸು ನಿಲ್ಲುವ ಕಟ್ಟೆಗೆ ಬರುವಷ್ಟರಲ್ಲಿ ಮನೆಯ ಬೀಗ ಒಡೆದಿತ್ತು, ಕಳ್ಳರು ಇಬ್ಬರಾಗಿದ್ದರು, ಒಬ್ಬನ ಕೈಯಲ್ಲಿ ಮಚ್ಚೂ ಇತ್ತು! ಹಲ್ಲಿಲ್ಲದ ಮುದುಕಿ ಎಲೆಅಡಕೆ ಕುಟ್ಟಿಕೊಳ್ಳುವ ಒಂದು ಹಿಡಿಯಷ್ಟು ಕಬ್ಬಿಣಕ್ಕೆ ಇಷ್ಟು ಗಲಾಟೆ. ಆದರೂ ಊರಿಗೆ ಊರೇ ಎದ್ದು ನಿಂತದ್ದು ನಿಜ. ಕದ್ದವನು ಯಾರು, ಕದ್ದವನು ಯಾರು ಅಂತ ಎಲ್ಲರೂ ಬೀದಿಬೀದಿ ಅರಚುತ್ತಿದ್ದಾಗ ಕದ್ದವಳು ಬಾಗಿಲಿಗೆ ಅಗುಳಿ ಜಡಿದುಕೊಂಡು ಒಳಗೆ ಕೂತಿದ್ದಳು. ಆಕೆಯೇ ದೇವಿರಮ್ಮ.

ಮಾರನಕೊಪ್ಪಲು ಭಾರತೀನಗರದಿಂದ ಆಟೋದಲ್ಲಿ ಹತ್ತು ನಿಮಿಷದ ದಾರಿ. ಸುತ್ತ ಕಬ್ಬು, ನಡುವೆ ಊರು. ಶಿವಪುರದ ಕಡೆಯಿಂದ ಮದುವೆಯಾಗಿ ಬಂದ ದೇವಿರಮ್ಮನಿಗೆ ಈಗ ಎಪ್ಪತ್ತೊಂದು. ಮೂವತ್ತು ವರ್ಷ ಕಬ್ಬು ಕಡಿಯುವ ಹೆಂಗಸರ ಗುಂಪಿಗೆ ಆಕೆಯೇ ಮುಂದಾಳು. ಈ ಗದ್ದೆಯಲ್ಲಿ ನಿಂತು ಕೂಗಿದರೆ ಮೂರನೇ ಗದ್ದೆಯಲ್ಲಿ ಸೋಮಾರಿತನ ಮಾಡುವವಳ ಕುಡುಗೋಲು ತಾನಾಗಿ ಆಡುತ್ತಿತ್ತು, ಅಂಥ ಗಂಟಲು! ಸಿಟ್ಟೂ ಅಷ್ಟೇ. ಹಿಂದೊಮ್ಮೆ ಪಕ್ಕದ ಮನೆಯ ಎಮ್ಮೆ ಅವಳ ಕುಂಬಳದ ಬಳ್ಳಿ ಮೇಯ್ದುಬಿಟ್ಟಿತು ಅಂತ ಮೂರು ದಿನ ಬಾಗಿಲು ಹಾಕಿಕೊಂಡು ಯಾರ ಕೂಡ ಮಾತಾಡಿರಲಿಲ್ಲ. ನಾಲ್ಕನೇ ದಿನ ಎಮ್ಮೆಯೇ ಬಂದು ತಪ್ಪಾಯಿತು ಅಂತ ಬಾಗಿಲಲ್ಲಿ ಕೂಗಿತು ಅಂತ ಊರವರು ಇವತ್ತಿಗೂ ನಗುತ್ತಾರೆ. ದೇವಿರಮ್ಮ ತಪ್ಪಾಯಿತು ಅಂದದ್ದನ್ನು ಮಾತ್ರ ಯಾರೂ ಕೇಳಿಲ್ಲ.

ಆ ಕುಟ್ಟಾಣಿ ಅವಳ ಗಂಡ ಕೆಂಪಸಿದ್ದಯ್ಯ ಮಾಡಿಸಿದ್ದು. ಸಕ್ಕರೆ ಕಾರ್ಖಾನೆಗೆ ಕಬ್ಬು ಹೊಡೆಯುತ್ತಿದ್ದ ಅವನ ಎತ್ತಿನ ಗಾಡಿಯ ಅಚ್ಚು ಮುರಿದಾಗ, ಆ ಕಬ್ಬಿಣವನ್ನು ಕುಲುಮೆಗೆ ಕೊಟ್ಟು ತಾಯಿಗೆ ಅಂತ ಒಂದು ಕುಟ್ಟಾಣಿ, ಅದಕ್ಕೊಂದು ಕುಟ್ಟುವ ಕಂಬಿ ಮಾಡಿಸಿದ. ಅತ್ತೆ ಹೋದಳು, ಗಂಡನೂ ಹೋದ, ದೇವಿರಮ್ಮನ ಹಲ್ಲೂ ಒಂದೊಂದಾಗಿ ಹೋದವು. ಕುಟ್ಟಾಣಿ ಉಳಿಯಿತು.

ದಿನಾ ಬೆಳಿಗ್ಗೆ ಮಗ ಕಾರ್ಖಾನೆಗೆ, ಸೊಸೆ ಶ್ವೇತ ಮದ್ದೂರಿನ ಗಾರ್ಮೆಂಟ್ಸಿಗೆ ಹೋದ ಮೇಲೆ ಜಗಲಿಯ ಮೇಲೆ ಮೂವರು ಮುದುಕಿಯರು ಕೂಡುತ್ತಿದ್ದರು. ಬಲತುದಿಗೆ ದೇವಿರಮ್ಮ. ಅವಳ ಎಡಕ್ಕೆ ಎದುರು ಮನೆಯ ಪಟ್ಟಲಮ್ಮ, ಅವಳ ಎಡಕ್ಕೆ ಮಂಚಮ್ಮ. ಎಲೆ, ಅಡಕೆ, ಬೆರಳ ತುದಿಯಷ್ಟು ಸುಣ್ಣ. ಟಣ್ ಟಣ್ ಟಣ್ ಅಂತ ಕುಟ್ಟುವುದು. ನುಣ್ಣಗಾದ ಮೇಲೆ ದೇವಿರಮ್ಮ ಕಂಬಿಯ ತುದಿಯನ್ನು ನಾಲಿಗೆಗೆ ಮುಟ್ಟಿಸಿ ಸುಣ್ಣದ ಹದ ನೋಡುತ್ತಿದ್ದಳು. ಸುಣ್ಣ ಹೆಚ್ಚಾದರೆ ಬಾಯಿ ಬೆಂದುಹೋಗುತ್ತದೆ, ಅದಕ್ಕೇ ಅವಳೇ ನೋಡಬೇಕು. ಹದ ಸರಿ ಅನ್ನಿಸಿದರೆ ಅದೇ ಕಂಬಿ ಮತ್ತೆ ಒಳಗೆ, ಇನ್ನೆರಡು ಏಟು. ಆಮೇಲೆ ತನಗೊಂದು ಚಿಟಿಕೆ, ಪಟ್ಟಲಮ್ಮನ ಅಂಗೈಗೊಂದು, ಮಂಚಮ್ಮನ ಅಂಗೈಗೊಂದು. ಹದಿನೈದು ವರ್ಷದಿಂದ ಒಂದು ದಿನ ತಪ್ಪಿದ್ದಿಲ್ಲ. ಕೇಳಿದ ಎಲೆಅಡಕೆ ಕೊಡದಿದ್ದರೆ, ಕೊಟ್ಟದ್ದನ್ನು ಒಲ್ಲೆ ಅಂದರೆ ಆ ಊರಲ್ಲಿ ಒಂದೇ ಅರ್ಥ, ಇನ್ನು ನಿನ್ನ ನನ್ನ ಬಳಕೆ ಮುಗಿಯಿತು ಅಂತ.

ಹೋದ ಚಳಿಗಾಲದಲ್ಲಿ ದೇವಿರಮ್ಮನಿಗೆ ಶೀತ ಆಯಿತು. ನಾಲ್ಕು ಸೀನು, ಒಂದು ದಿನ ಮೈಬಿಸಿ, ಒಂದು ಬಟ್ಟಲು ಮೆಣಸಿನ ಸಾರು, ಅಷ್ಟೇ. ಎದ್ದು ಕೂತಳು. ಎಂದಿನಂತೆ ಕುಟ್ಟಿದಳು, ಎಂದಿನಂತೆ ಕೊಟ್ಟಳು. ಮೂರನೇ ದಿನಕ್ಕೆ ಪಟ್ಟಲಮ್ಮ ಮಲಗಿದಳು. ದಮ್ಮಿನ ಎದೆ ಅದು, ಎಪ್ಪತ್ತಾರು ವರ್ಷದ್ದು. ಮಂಡ್ಯದ ಆಸ್ಪತ್ರೆಯಲ್ಲಿ ಮೂಗಿಗೆ ಆಕ್ಸಿಜನ್ ಪೈಪು ಹಾಕಿಸಿಕೊಂಡು ಒಂಬತ್ತು ದಿನ ಇದ್ದು ಬಂದಳು. ಅವಳು ಬರುವಷ್ಟರಲ್ಲಿ ಮಂಚಮ್ಮ ಮಲಗಿ, ಜ್ವರ ಎದೆಗಿಳಿದು, ಮಣ್ಣಾಗಿದ್ದಳು.

ಊರು ಇದನ್ನು ಚಳಿಯ ಕಾಟ ಅಂತ ಅಂದುಕೊಂಡು ಮರೆಯಿತು. ಆಶಾ ಕಾರ್ಯಕರ್ತೆ ಸುನಿತಾ ಮರೆಯಲಿಲ್ಲ. ಒಂದು ದಿನ ಜಗಲಿಯಲ್ಲಿ ಕೂತು ಯಾರಿಗೆ ಯಾವತ್ತು ಜ್ವರ ಬಂತು ಅಂತ ಬೆರಳು ಮಡಿಸುತ್ತಾ ಕೇಳಿದಳು. ಮೊದಲು ದೇವಿರಮ್ಮ, ಆಮೇಲೆ ಪಟ್ಟಲಮ್ಮ, ಆಮೇಲೆ ಮಂಚಮ್ಮ. ಮೂರನೇ ಬೆರಳು ಮಡಿಸಿ ಕುಟ್ಟಾಣಿಯ ಕಡೆ ನೋಡಿದಳು. ದೇವಿರಮ್ಮನ ಎದೆಗೆ ಯಾರೋ ಒನಕೆಯಲ್ಲಿ ಕುಟ್ಟಿದ ಹಾಗಾಯಿತು. ಜ್ವರ ತನ್ನ ಬಲಗೈಯಿಂದ ಎಡಕ್ಕೆ ಹೋಗಿತ್ತು, ಎಲೆಅಡಕೆ ಹೋದ ದಾರಿಯಲ್ಲೇ!

ಆ ಮಾತನ್ನು ಅವಳು ಯಾರಿಗೂ ಹೇಳಲಿಲ್ಲ. ಕಂಬಿಯನ್ನು ನಾಲಿಗೆಗೆ ಮುಟ್ಟಿಸುವುದನ್ನೂ ಬಿಡಲಿಲ್ಲ. ಬಿಟ್ಟರೆ ಯಾಕೆ ಅಂತ ಪಟ್ಟಲಮ್ಮ ಕೇಳುತ್ತಾಳಲ್ಲ!

ಈ ವರ್ಷ ಚಳಿ ಶುರುವಾಗುವ ಮುಂಚೆಯೇ ಊರ ಸ್ಕೂಲಿನಲ್ಲಿ ಲಸಿಕೆ ಶಿಬಿರ ಆಯಿತು. ಅರವತ್ತು ದಾಟಿದವರಿಗೆ ಅಂತ ಯಾವುದೋ ಸಂಘದವರು ತಂದಿದ್ದರು. ಸುನಿತಾ ಮನೆಮನೆ ತಿರುಗಿ ಗಂಟಲು ಹರಿದುಕೊಂಡಳು.

"ಬರೀ ನೆಗಡಿ ಜರ ಅಂತ ಸಸಾರ ಮಾಡಬ್ಯಾಡಿ. ವಯಸ್ಸಾದೋರ್ಗೆ ಅದು ಎದೆಗಿಳೀತದೆ. ವರ್ಸ ವರ್ಸ ವೇಸ ಬದಲಾಯಿಸ್ಕಂಡು ಬತ್ತದೆ ಮುಂಡೇದು, ಅದ್ಕೇ ವರ್ಸಕ್ಕೊಂದ್ಸಲ ಚುಚ್ಚಿಸ್ಕಬೇಕು. ದಮ್ಮು, ಸಕ್ಕರೆ ಕಾಯ್ಲೆ ಇರೋರು ಮೊದಲು ಬನ್ನಿ."

ಪಟ್ಟಲಮ್ಮ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತಳು. ಆಸ್ಪತ್ರೆಯ ಪೈಪು ಕಂಡು ಬಂದವಳಿಗೆ ಸೂಜಿ ಯಾವ ಲೆಕ್ಕ! ದೇವಿರಮ್ಮ ಮಾತ್ರ ಸ್ಕೂಲಿನ ಕಾಂಪೌಂಡಿಗೆ ಒರಗಿಕೊಂಡು ಗೇಲಿ ಮಾಡುತ್ತಿದ್ದಳು.

"ನೀನೂ ಬಾ ಅಜ್ಜಿ," ಅಂದಳು ಸುನಿತಾ.

"ಓಗಮ್ಮಿ! ಕಬ್ಬಿನ ಗರಿ ಕುಯ್ದು ಕುಯ್ದು ಈ ತೋಳು ಮರ ಆಗದೆ. ನಿನ್ ಸೂಜಿನೇ ಮುರ್ದೋದದು. ಇಂಥ ಮೆತ್ತಗಿರೋರ್ಗೆ ಚುಚ್ಚು."

"ಚುಚ್ಚಿಸ್ಕಳಕ್ಕೆ ಪುಕ್ಕಲು ಅಂತ ಏಳೇ ಮುದ್ಕಿ!" ಪಟ್ಟಲಮ್ಮ ತೋಳು ಉಜ್ಜಿಕೊಳ್ಳುತ್ತಾ ನಕ್ಕಳು. ನಗು ಕೆಮ್ಮಾಯಿತು.

ಸುನಿತಾ ಹೊರಡುವಾಗ ಒಂದು ಮಾತು ಹೇಳಿದಳು. "ಇವತ್ತು ಚುಚ್ಚಿಸ್ಕಂಡ್ರೆ ಇವತ್ತೇ ಬಲ ಬರಾಕಿಲ್ಲ. ಎಲ್ಡು ವಾರ ಆಗಬೇಕು. ಅಲ್ಲಿಗಂಟ ಕೆಮ್ಮೋರ ತಾವ ಕೂರಬ್ಯಾಡಿ."

ಗೇಲಿ ಮಾಡುತ್ತಿದ್ದ ದೇವಿರಮ್ಮನ ಕಿವಿ ಅಲ್ಲಿ ನೆಟ್ಟಗಾಯಿತು. ಮನೆಗೆ ಬಂದವಳೇ ಸುಣ್ಣದ ಡಬ್ಬಿಗೆ ಬೆರಳು ಅದ್ದಿ ಬಾಗಿಲ ಹಿಂದೆ ಒಂದು ಬೊಟ್ಟು ಇಟ್ಟಳು. ಮಾರನೆಯ ದಿನ ಇನ್ನೊಂದು. ಹದಿನಾಲ್ಕು ಆಗಲಿ, ಆಮೇಲೆ ಪಟ್ಟಲಿಯ ಎದೆಗೆ ಯಾವ ನನ್ಮಗ ಬರುತ್ತಾನೋ ನೋಡೋಣ ಅಂತ ಅವಳ ಎಣಿಕೆ.

ಐದು ಬೊಟ್ಟಾದ ದಿನ ಪಟ್ಟಲಮ್ಮ ಮಳವಳ್ಳಿಯ ಮಗಳ ಮನೆಗೆ ಹೊರಟಳು. ಅವತ್ತೇ ಸಂಜೆ ದೇವಿರಮ್ಮನ ಮೊಮ್ಮಗಳು ದೀಪಿಕ ಕಾಲೇಜು ಹಾಸ್ಟೆಲಿನಿಂದ ಮೂಗು ಸೋರಿಸಿಕೊಂಡು ಬಂದಳು. ಹಾಸ್ಟೆಲಿನ ಅರ್ಧ ರೂಮುಗಳಲ್ಲಿ ಜ್ವರವಂತೆ. ಅಜ್ಜಿ ಬಿಡುತ್ತಾಳಾ? ಹಣೆಗೆ ಒದ್ದೆ ಬಟ್ಟೆ ಹಾಕಿದಳು, ಗಂಜಿ ಕುಡಿಸಿದಳು, ಮಗ್ಗುಲಲ್ಲೇ ಮಲಗಿದಳು.

ಎಂಟನೇ ಬೊಟ್ಟು ಇಡುವಾಗ ದೇವಿರಮ್ಮನ ಬೆರಳು ಓರೆಯಾಗಿ ಜಾರಿತು. ಗಂಟಲಲ್ಲಿ ಮುಳ್ಳು, ಸೊಂಟದಲ್ಲಿ ಬೆಂಕಿ, ಬೆನ್ನ ಮೇಲೆ ಚಳಿ. ಅಯ್ಯೋ ಬಂತಲ್ಲ! ಅನ್ನುವಷ್ಟರಲ್ಲಿ ಹೊರಗೆ ಕೋಲಿನ ಸದ್ದು. ಟಕ್. ಟಕ್. ಬೆಳಗಿನ ಬಸ್ಸಿಗೆ ಪಟ್ಟಲಮ್ಮ ಬಂದು ಇಳಿದಿದ್ದಳು, ಮನೆಗೂ ಹೋಗದೆ ಸೀದಾ ಇತ್ತಲೇ ಬರುತ್ತಿದ್ದಳು.

"ಬಾರಮ್ಮಿ ಈಚಿಗೆ! ಮಳವಳ್ಳಿಯಿಂದ ಚಿಗುರೆಲೆ ತಂದಿವ್ನಿ. ಮೂರು ದಿನದಿಂದ ಬಾಯಿ ಕೆಟ್ಟೋಗದೆ, ಕುಟ್ಟು ಬಿರ್ರನೆ!"

ದೇವಿರಮ್ಮನಿಗೆ ಏನು ಮಾಡಬೇಕೋ ತೋಚಲಿಲ್ಲ. ಜ್ವರ ಬಂದದೆ ಅನ್ನೋಣವೇ? ಅಂದರೆ ಪಟ್ಟಲಮ್ಮ ಹಿಂದೆ ನೋಡದೆ ಒಳಗೆ ನುಗ್ಗಿ ಹಣೆ ಮುಟ್ಟುವವಳು, ಕಷಾಯ ಕಾಯಿಸುವವಳು. ಅಲ್ಲದೆ ಸ್ಕೂಲಿನ ಮುಂದೆ ಮೆರೆದ ಬಾಯಿ ಇದು! ಎಲೆಅಡಕೆ ಕೊಡಾಕಿಲ್ಲ ಓಗು ಅನ್ನೋಣವೇ? ಅಲ್ಲಿಗೆ ನಲವತ್ತು ವರ್ಷದ ಸ್ನೇಹ ನೆಗೆದುಬಿತ್ತು. ಕೋಲು ಜಗಲಿ ಹತ್ತಿತು. ದೇವಿರಮ್ಮ ಬಾಗಿಲಿಗೆ ಅಗುಳಿ ಹಾಕಿದಳು, ಕುಟ್ಟಾಣಿಯನ್ನು ಬಾಚಿ ರಾಗಿ ಡ್ರಮ್ಮಿನೊಳಗೆ ಮೊಣಕೈವರೆಗೂ ಹೂತಳು.

"ಕುಟ್ಟಾಣಿ ಇಲ್ಲ ಕಣಮ್ಮಿ! ಯಾರೋ ಕದ್ಬುಟ್ಟವ್ರೆ!"

"ಏನಂದೆ?"

"ಕದ್ಬುಟ್ಟವ್ರೆ ಅಂದೆ! ಸಿಗೋಗಂಟ ನನ್ ಮುಕ ಯಾರ್ಗೂ ತೋರ್ಸಾಕಿಲ್ಲ, ಓಗು!"

ಎಮ್ಮೆಗೆ ಮೂರು ದಿನವಾದರೆ ಕುಟ್ಟಾಣಿಗೆ ಆರು ದಿನ ಯಾಕಾಗಬಾರದು? ಸಿಟ್ಟು ಅಂದರೆ ಊರು ನಂಬುತ್ತದೆ. ಇನ್ನು ಆರೇ ಬೊಟ್ಟು. ಇದು ಅವಳ ಯೋಚನೆ. ಆದರೆ ಪಟ್ಟಲಮ್ಮ ಎಂಥವಳು ಅನ್ನುವುದನ್ನು ಮರೆತಿದ್ದಳು.

"ಅಯ್ಯಯ್ಯೋ, ನನ್ ಕುಟ್ಟಾಣಿ!" ಅಂತ ಪಟ್ಟಲಮ್ಮ ಬೀದಿಯಲ್ಲಿ ಬಾಯಿ ಬಡಿದುಕೊಂಡಳು. ನಿನ್ನ ಅನ್ನಲಿಲ್ಲ ನೋಡಿ, ನನ್ನ ಅಂದಳು! "ಬನ್ರೋ! ಕಳ್ರು ಬಿದ್ದವ್ರೆ ಊರ್ಗೆ!"

ಮೊದಲು ಓಡಿ ಬಂದವನು ಚಿಕ್ಕಬೋರಯ್ಯ. ಪಂಚಾಯ್ತಿಯಲ್ಲಿ ನೀರು ಬಿಡುತ್ತಿದ್ದು ನಿವೃತ್ತನಾದವನು. ಆಗಿನಿಂದ ಊರಿನಲ್ಲಿ ಒಂದಾದರೂ ಕೇಸು ಸಿಗಲಿ ಅಂತ ಕಾಯುತ್ತಿದ್ದ. ಜಗಲಿಯನ್ನು ಬಗ್ಗಿ ನೋಡಿದ, ಎದ್ದು ನೋಡಿದ, ಕೈ ಹಿಂದೆ ಕಟ್ಟಿಕೊಂಡ.

"ನೆನ್ನೆ ಈ ಬೀದಿಗೆ ಒರಗಿನೋರು ಯಾರು ಬಂದಿದ್ರು?"

"ಗುಜರಿ ಖಾಸಿಂ ಬಂದಿದ್ದ," ಅಂತು ಗುಂಪು.

"ಕಬ್ಬಿಣ ಕೊಂಡ್ಕಳ್ಳೋನು! ಮುಗೀತು ಬುಡಿ ಕೇಸು!"

ಖಾಸಿಂ ಮದ್ದೂರಿನವನು. ಮೂವತ್ತು ವರ್ಷದಿಂದ ಆ ಊರುಗಳಲ್ಲಿ ಹಳೇ ಕಬ್ಬಿಣ, ಒಡೆದ ಕೊಡ ಕೊಳ್ಳುತ್ತಾ ತಿರುಗುವವನು. ಚಿಕ್ಕಬೋರಯ್ಯ ಫೋನು ಹಚ್ಚಿ, "ಖಾಸಿಮಣ್ಣ, ಅಳೇ ಪಂಪ್‌ಸೆಟ್ಟು ಅದೆ, ಬಾ" ಅಂತ ಜೇನು ಸುರಿಸಿದ. ಪಾಪ, ಪಂಪ್‌ಸೆಟ್ಟಿನ ಆಸೆಗೆ ಅವನು ಅರ್ಧ ಗಂಟೆಯಲ್ಲಿ ಮೊಪೆಡ್ಡು ಬಿಟ್ಟುಕೊಂಡು ಬಂದ. ಬಂದವನನ್ನು ಊರು ಸುತ್ತಿಕೊಂಡಿತು. ಅವನ ಮೂಟೆಗಳನ್ನು ಬೀದಿಗೆ ಸುರಿದರು. ಸೈಕಲ್ ರಿಮ್ಮು, ತೂತು ಬಾಣಲೆ, ಬಾಗಿದ ಗುದ್ದಲಿ, ಕಾಲಿಲ್ಲದ ಸ್ಟೌವ್ವು ಢಣಾರ್ ಅಂತ ಉರುಳಿದವು.

ಕಿಟಕಿಯ ಸಂದಿಯಲ್ಲಿ ದೇವಿರಮ್ಮ ಎಲ್ಲ ನೋಡುತ್ತಿದ್ದಳು. ತಲೆ ಗಿರ್ರನ್ನುತ್ತಿತ್ತು.

"ಎಲ್ಲಿಟ್ಟಿದ್ದೀಯ ಏಳ್ಲಾ!" ಚಿಕ್ಕಬೋರಯ್ಯ ಅವನ ಕಾಲರಿಗೆ ಕೈ ಹಾಕಿದ.

"ಕೈ ತಗೀರಿ ಬೋರಯ್ಯನೋರೆ." ಖಾಸಿಂ ಕೂಗಲಿಲ್ಲ. "ನಿಮ್ಮ ಮನೇಲಿ ಕೊಂಡ್ಕಂಡ ಅಳೇ ಡಬ್ಬದೊಳಗೆ ಬಂದಿದ್ದ ಬೆಳ್ಳಿ ಕಾಲುಂಗುರನ ವಾಪಸ್ ತಂದ್ಕೊಟ್ಟೋನು ನಾನು. ಮರ್ತೋದ್ರಾ? ದೇವಿರವ್ವನ್ನ ಕರೀರಿ. ಆಯಮ್ಮ ಒಂದ್ಸಲ ನಾನೇ ಕದ್ದೆ ಅನ್ನಲಿ, ಈ ಊರ ಕಡೆ ತಲೆ ಆಕಿ ಮನಗಾಕಿಲ್ಲ."

"ಏಳಮ್ಮಿ ದೇವಿರಿ!" ಪಟ್ಟಲಮ್ಮ ಕಿಟಕಿಯ ಹತ್ತಿರಕ್ಕೇ ಬಂದುಬಿಟ್ಟಳು. "ಇವನೇ ಅಂತ ಏಳು, ಪೊಲೀಸ್ರಿಗೆ ಕೊಟ್ಬುಡಾನ!"

ಕಿಟಕಿಗೂ ಪಟ್ಟಲಮ್ಮನ ಮುಖಕ್ಕೂ ಒಂದು ಗೇಣು. ಕೆಮ್ಮು ದೇವಿರಮ್ಮನ ಗಂಟಲಿಗೆ ಬಂದು ನಿಂತಿತ್ತು. ಬಾಯಿಗೆ ಸೆರಗು ತುರುಕಿಕೊಂಡು ಹಿಂದಕ್ಕೆ ಸರಿದಳು. ಸುಮ್ಮನಿದ್ದರೆ ಒಬ್ಬ ಮರ್ಯಾದಸ್ಥ ಕಳ್ಳನಾಗುತ್ತಾನೆ. ಹೊರಗೆ ಹೋದರೆ ಪಟ್ಟಲಿ ಮೈಮೇಲೆ ಬೀಳುತ್ತಾಳೆ. ಬಾಗಿಲ ಹಿಂದೆ ಎಂಟೇ ಎಂಟು ಬೊಟ್ಟು.

ದೇವಿರಮ್ಮ ಡ್ರಮ್ಮಿಗೆ ಕೈ ಹಾಕಿದಳು.

ಅಗುಳಿ ತೆಗೆದ ಸದ್ದಿಗೆ ಊರೆಲ್ಲ ತಿರುಗಿತು. ಸೆರಗನ್ನು ಮೂಗು ಬಾಯಿಗೆ ಬಿಗಿದು ಕಟ್ಟಿಕೊಂಡು, ಕಣ್ಣು ಕೆಂಪಗೆ ಮಾಡಿಕೊಂಡು, ಮಾರಿಯ ಹಾಗೆ ನಿಂತಿದ್ದಳು. ಎತ್ತಿ ಹಿಡಿದ ಕೈಯಲ್ಲಿ ಕುಟ್ಟಾಣಿ. ಅದರ ಬಾಯಿಂದ ರಾಗಿ ಸರಸರನೆ ಸುರಿಯುತ್ತಿತ್ತು!

"ಸಿಕ್ತಾ!" ಅಂತ ಪಟ್ಟಲಮ್ಮ ಎರಡೂ ಕೈ ಚಾಚಿ ಮುಂದಕ್ಕೆ ಬಂದಳು.

"ನಿಂತ್ಕೊ ಅಲ್ಲೇ!" ಮೂರು ಗದ್ದೆ ದಾಟುತ್ತಿದ್ದ ಆ ಗಂಟಲು ಒಡೆದು ಕರಕರ ಅಂತು. "ಒಂದೆಜ್ಜೆ ಇಟ್ಟೀಯ, ನನ್ನಾಣೆ! ಇದ ಯಾರೂ ಕದ್ದಿಲ್ಲ. ನಾನೇ ಮುಚ್ಚಿಟ್ಟಿದ್ದೆ. ಖಾಸಿಂನ ಬುಡ್ರೋ!"

ಪಟ್ಟಲಮ್ಮನ ಚಾಚಿದ ಕೈ ಅಲ್ಲೇ ನಿಂತಿತು.

"ನನ್ಗೆ ಕೊಡಾಕಿಲ್ಲ ಅಂತ ಮುಚ್ಚಿಟ್ಟಾ?" ಅವಳ ದನಿ ಸಣ್ಣದಾಯಿತು. "ಒಂದ್ ಚಿಟ್ಕೆ ಎಲೆಅಡಕೆಗೂ ಬ್ಯಾಡದೋಳಾಗೋದ್ನಾ? ಏನ್ ಮಾಡಿದ್ದೆ ನಿಂಗೆ ನಾನು?"

"ನೀ ಏನ್ ಮಾಡೀಯೆ! ಮಾಡಿದ್ದು ನಾನು." ದೇವಿರಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಓದ್ವರ್ಸ ನಾನು ಕುಟ್ಟಿಕೊಟ್ಟೆ, ನೀನು ಆಸ್ಪತ್ರೆ ಸೇರ್ದೆ, ಮಂಚಿ ಮಣ್ಣು ಸೇರುದ್ಲು. ನನ್ ಕೈಯಾರೆ ಕೊಟ್ಟೆ ಕಣಮ್ಮಿ, ನನ್ ಕೈಯಾರೆ! ಈಗ ಮತ್ತೆ ಜರ ಬಂದದೆ ನಂಗೆ. ನಿನ್ ಸೂಜಿಗೆ ಇನ್ನಾರು ದಿನ ಬೇಕು. ಓಗೇ ದೂರ! ನಿನ್ನೂ ಕಳಿಸಿ ನಾನ್ ಯಾರ್ಗೆ ಕುಟ್ಲಿ?"

ಅಷ್ಟು ಹೇಳಿ ಜಗಲಿಯ ಮೇಲೆ ಕುಸಿದಳು. ಪಟ್ಟಲಮ್ಮ ಓಡಿದಳು, ಎಪ್ಪತ್ತಾರರ ಕಾಲಲ್ಲಿ! ಆದರೆ ಅಷ್ಟರಲ್ಲಿ ಒಳಗಿನಿಂದ ದೀಪಿಕ ಫೋನು ಮಾಡಿ ಕರೆಸಿದ್ದ ಸುನಿತಾ ಗುಂಪು ಸೀಳಿಕೊಂಡು ಬಂದು ಪಟ್ಟಲಮ್ಮನ ರಟ್ಟೆ ಹಿಡಿದಳು.

"ಆಯಮ್ಮ ಇಷ್ಟೆಲ್ಲ ಒದ್ದಾಡಿರೋದು ನಿನ್ ಸಲುವಾಗಿ ಅಜ್ಜಿ. ನೀನೇ ಓಗಿ ತಬ್ಕಂಡ್ರೆ ಎಲ್ಲ ನೀರ್ಪಾಲು."

ಪಟ್ಟಲಮ್ಮ ನಿಂತಳು. ಎದೆ ಏರಿಳಿಯುತ್ತಿತ್ತು. ಹತ್ತು ಹೆಜ್ಜೆ ದೂರದಿಂದಲೇ ಬಾಯಿ ತೆರೆದಳು.

"ಲೇ ಮುದ್ಕಿ! ಕಾಂಪೌಂಡಿಗೆ ಒರಗಿಕೊಂಡು ತೋಳು ಮರ ಅಂದ್ಯಲ್ಲ, ಎಲ್ಲಿ ಓಯ್ತೇ ಆ ಮರ!"

ಬೀದಿ ನಕ್ಕಿತು. ಸೆರಗಿನ ಹಿಂದೆ ದೇವಿರಮ್ಮನೂ ನಕ್ಕಿರಬೇಕು, ಕೆಮ್ಮು ಬಂತು.

ಅದೇ ಊರಿನ ಜಯಪ್ರಕಾಶನ ಆಟೋದಲ್ಲಿ, ಗಾಳಿಯಾಡಲಿ ಅಂತ ಎರಡೂ ಕಡೆಯ ಪರದೆ ಎತ್ತಿ ಕಟ್ಟಿ, ಸುನಿತಾ ಅವಳನ್ನು ಭಾರತೀನಗರಕ್ಕೆ ಕರೆದುಕೊಂಡು ಹೋದಳು. ಡಾಕ್ಟರು ಎದೆ ನೋಡಿ, ಬೆರಳಿಗೆ ಕ್ಲಿಪ್ಪು ಹಾಕಿ ನೋಡಿ, ಐದು ದಿನದ ಮಾತ್ರೆ ಬರೆದುಕೊಟ್ಟರು. "ಈ ಮಾತ್ರೆ ಶುರುವಿನ ಎರಡು ದಿನದೊಳಗೆ ತಗೊಂಡರೆ ಚೆನ್ನಾಗಿ ಕೆಲಸ ಮಾಡುತ್ತೆ. ಇವತ್ತೇ ಬಂದದ್ದು ಒಳ್ಳೆಯದಾಯಿತು," ಅಂದರು.

"ಬಾಗ್ಲು ಆಕ್ಕಂಡು ಆರು ದಿನ ಕೂತಿದ್ರೆ?" ಅಂತ ಸುನಿತಾ ಬೇಕೆಂದೇ ಕೇಳಿದಳು. ಡಾಕ್ಟರು ದೇವಿರಮ್ಮನ ಮುಖ ನೋಡಿದರು. ಸಾಕಾಯಿತು ಅಷ್ಟು.

ಆಟೋದಲ್ಲಿ ಬರುವಾಗ ದೇವಿರಮ್ಮ ಮೆಲ್ಲಗೆ ಕೇಳಿದಳು. "ಮಂಚಿಗೆ ನಾನೇ ತಾನೆ ಅಂಟಿಸಿದ್ದು?"

"ಯಾರಿಂದ ಯಾರ್ಗೆ ಅಂತ ಯಾರೂ ಏಳಕ್ಕಾಗಾಕಿಲ್ಲ ಅಜ್ಜಿ. ಎಂಜಲೊಂದೇ ಅಲ್ಲ, ಕೆಮ್ಮಿದ್ರೆ, ಸೀನಿದ್ರೆ ಗಾಳೀಲೂ ಬತ್ತದೆ. ಅವತ್ತು ಊರಲ್ಲಿ ಇಪ್ಪತ್ತು ಜನ ಕೆಮ್ತಿದ್ರು," ಅಂದಳು ಸುನಿತಾ. "ಇವತ್ತು ಮಾತ್ರ ನೀನು ಅಂಟಿಸಲಿಲ್ಲ. ಅದನ್ನ ನಾನು ಬೇಕಾದ್ರೆ ಬರಕೊಡ್ತೀನಿ."

ಮನೆ ಮುಂದೆ ಇಳಿದಾಗ ಖಾಸಿಂ ಇನ್ನೂ ಅಲ್ಲೇ ಇದ್ದ. ಚಿಕ್ಕಬೋರಯ್ಯ ತಲೆ ತಗ್ಗಿಸಿಕೊಂಡು ರಿಮ್ಮು, ಬಾಣಲೆ, ಗುದ್ದಲಿ ಒಂದೊಂದೇ ಎತ್ತಿ ಮೂಟೆಗೆ ತುಂಬುತ್ತಿದ್ದ. ಪಟ್ಟಲಮ್ಮ ಎದುರು ಜಗಲಿಯಲ್ಲಿ ಕೂತು ಕೋಲು ತೋರಿಸುತ್ತಾ, "ಆ ಸ್ಟೌವ್ವು ಬುಟ್ಟೆ, ಎತ್ತು!" ಅಂತ ಕೆಲಸ ಹೇಳುತ್ತಿದ್ದಳು. ದೇವಿರಮ್ಮ ಆಟೋದ ಕಂಬಿ ಹಿಡಿದು ನಿಂತಳು. ಎಮ್ಮೆಯ ಎದುರಿಗೂ ಬಗ್ಗದವಳು.

"ತಪ್ಪಾಯ್ತು ಕಣಪ್ಪ ಖಾಸಿಂ. ನನ್ ಸುಳ್ಳಿಗೆ ನೀನು ಬೀದೀಲಿ ನಿಂತೆ."

"ಉಸಾರಾಗವ್ವ ಮೊದ್ಲು," ಅಂದ ಖಾಸಿಂ. ಇನ್ನೂ ಮುನಿಸಿತ್ತು ಅವನ ಮುಖದಲ್ಲಿ, ಮುಚ್ಚಿಡಲಿಲ್ಲ. ಮೊಪೆಡ್ಡು ಒದ್ದು ಹೊರಟ.

ಆರು ದಿನ ಎರಡು ಜಗಲಿಯ ನಡುವೆ ಬೀದಿ ಅಗಲ. ಇತ್ತ ದೇವಿರಮ್ಮ ಕಿಟಕಿ ತೆರೆದು ಒಳಗೆ, ಅತ್ತ ಪಟ್ಟಲಮ್ಮ. ಮೊದಮೊದಲು ದೇವಿರಮ್ಮನಿಗೆ ಮಾತಿಗೆ ಶಕ್ತಿಯಿರಲಿಲ್ಲ, ಪಟ್ಟಲಮ್ಮನೇ ಬೈದಳು. ಮಾತ್ರೆ ನುಂಗ್ದೇನೇ ಅಂತ ಬೈದಳು, ಗಂಜಿ ಕುಡಿದೇನೇ ಅಂತ ಬೈದಳು. ಮೂರನೇ ದಿನ ಜ್ವರ ಇಳಿಯಿತು, ಆಮೇಲೆ ಇಬ್ಬರೂ ಬೈದಾಡಿದರು. ಶಾಲೆಗೆ ಹೋಗುವ ಮಕ್ಕಳು ನಿಂತು ಕೇಳುತ್ತಿದ್ದವು, ಅಷ್ಟು ಚೆನ್ನಾಗಿದ್ದವು ಆ ಬೈಗಳು! ಪಟ್ಟಲಮ್ಮ ಒಮ್ಮೆ ಕೆಮ್ಮಿದರೆ ಇತ್ತ ದೇವಿರಮ್ಮನ ಜೀವ ಬಾಯಿಗೆ ಬರುತ್ತಿತ್ತು. "ಯಾವ ಕೆಮ್ಮೇ ಅದು?" ಅಂತ ಕೂಗುತ್ತಿದ್ದಳು. "ನನ್ ಅಳೇ ಕೆಮ್ಮೇ ಕಣೆ, ವಸದಲ್ಲ!" ಅಂತ ಉತ್ತರ ಬರುತ್ತಿತ್ತು.

ಹದಿನಾಲ್ಕು ಮುಗಿದು ಹದಿನೈದನೇ ಬೆಳಿಗ್ಗೆ ಪಟ್ಟಲಮ್ಮ ಬೀದಿ ದಾಟಿದಳು. ಜ್ವರವಿಲ್ಲ, ಹೊಸ ಕೆಮ್ಮಿಲ್ಲ. ಬಾಗಿಲು ತಳ್ಳಿ ಒಳಗೆ ಬಂದವಳು ಹಿಂದಕ್ಕೆ ತಿರುಗಿ ನೋಡಿದಳು. ಬಾಗಿಲ ಹಿಂದೆ ಹದಿನಾಲ್ಕು ಬಿಳಿ ಬೊಟ್ಟು, ಸಾಲಾಗಿ. ಎಂಟನೆಯದು ಮಾತ್ರ ಓರೆಯಾಗಿ ಜಾರಿತ್ತು. ಮೊದಲನೆಯದು ತಾನು ಚುಚ್ಚಿಸಿಕೊಂಡ ದಿನದ್ದು, ಇವಳು ಗೇಲಿ ಮಾಡಿದ ದಿನದ್ದು ಅಂತ ಗೊತ್ತಾಗುವುದಕ್ಕೆ ಪಟ್ಟಲಮ್ಮನಿಗೆ ಬೆರಳು ಮಡಿಸಬೇಕಾಗಲಿಲ್ಲ. ಸೆರಗಿನಲ್ಲಿ ಮೂಗು ಒರೆಸಿಕೊಂಡಳು.

"ಅದೇನೇ, ನೆಗಡಿಯೇನೇ?" ಅಂತ ದೇವಿರಮ್ಮ ಹಿಂದಕ್ಕೆ ಹಾರಿದಳು.

"ನಿನ್ ತಲೆ! ಬಾ ಈಚಿಗೆ."

ಪಟ್ಟಲಮ್ಮನ ಮಡಿಲಲ್ಲಿ ಒಂದು ಹಿತ್ತಾಳೆ ಕುಟ್ಟಾಣಿ ಇತ್ತು. ಖಾಸಿಂ ಹಿಂದಿನ ದಿನ ಬಂದು ಕೊಟ್ಟು ಹೋಗಿದ್ದ, ಗುಜರಿ ರಾಶಿಯಲ್ಲಿ ಹುಡುಕಿ, ಹುಣಸೆಹಣ್ಣು ಹಾಕಿ ತಿಕ್ಕಿ. ಇನ್ಮೇಲೆ ಒಂದು ಕಳುವಾದರೆ ಇನ್ನೊಂದಿರಲಿ ಅಂದನಂತೆ, ನಗದೆ. ಸುನಿತಾ ಮಾಡಿದ ಕಟ್ಟಳೆಯೂ ಅದೇ. ಒಬ್ಬೊಬ್ಬರಿಗೆ ಒಂದೊಂದು, ಕೈ ತೊಳೆದು ಕುಟ್ಟಬೇಕು, ಹೊಗೆಸೊಪ್ಪು ಬೇಡವೇ ಬೇಡ. ದೇವಿರಮ್ಮನ ಹೆಸರನ್ನೂ ಅವಳು ಸೂಜಿಯ ಪಟ್ಟಿಗೆ ಬರೆದುಕೊಂಡಿದ್ದಳು. ಇನ್ನೊಂದು ವಾರ ಸುಧಾರಿಸಿಕೊಳ್ಳಲಿ, ಆಮೇಲೆ ತಾನೇ ಕರೆದುಕೊಂಡು ಹೋಗುವೆ ಅಂದಿದ್ದಳು. ಈ ಸಲ ದೇವಿರಮ್ಮ ತೋಳಿನ ಮಾತೆತ್ತಲಿಲ್ಲ.

ಇಬ್ಬರೂ ಜಗಲಿಯಲ್ಲಿ ಕೂತರು. ಕಬ್ಬಿಣ ಟಣ್ ಅಂತು, ಹಿತ್ತಾಳೆ ಠಣಲ್ ಅಂತು. ಹದ ಬಂತು ಅನ್ನಿಸಿದಾಗ ದೇವಿರಮ್ಮನ ಕೈ ಅಭ್ಯಾಸದಂತೆ ಪಟ್ಟಲಮ್ಮನ ಕಂಬಿಯ ಕಡೆಗೆ ಹೋಯಿತು. ಪಟ್ಟಲಮ್ಮ ಕುಟ್ಟಾಣಿಯನ್ನು ಎದೆಗೆ ಎಳೆದುಕೊಂಡಳು.

"ಮುಟ್ಟಬ್ಯಾಡ ಕಣೆ!"

"ಮುಟ್ಟಾಕಿಲ್ಲ ಬುಡು. ಸುಣ್ಣ ಜಾಸ್ತಿ ಆಗದೆ ನಿಂದ್ರಲ್ಲಿ."

"ನಾಲ್ಗೆಗೆ ಇಕ್ಕದೆ ಎಂಗಮ್ಮಿ ಗೊತ್ತಾಯ್ತದೆ?"

"ಅದಿನೈದು ವರ್ಸ ನಿಂಗೆ ಕುಟ್ಟಿಕೊಟ್ಟೋಳು ನಾನು. ಸದ್ದು ಕೇಳುದ್ರೆ ಸಾಕು. ಇನ್ನೊಂದೆಲೆ ಆಕು."

ಪಟ್ಟಲಮ್ಮ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡಳು. ಬಾಯಿ ಚುರ್ ಅಂತು. ಒಪ್ಪಿಕೊಳ್ಳುವ ಹೆಂಗಸಲ್ಲ ಅವಳು. ಕಣ್ಣಲ್ಲಿ ನೀರು ತುಂಬಿಕೊಂಡೇ, ಸೆರಗಿನ ಗಂಟು ಬಿಚ್ಚಿ ಇನ್ನೊಂದು ಎಲೆ ತೆಗೆದಳು.